ಒಂದು ‘ಕೇಳು’, ನಾಲ್ಕು ಸ್ಪ್ಯಾನಿಷ್ ಕ್ರಿಯಾಪದ: ನಾನು ಸೇರಿದ್ದ ಆನ್‌ಲೈನ್ ಕ್ಲಾಸಿನ ಬಗ್ಗೆ

ಹೋದ ಡಿಸೆಂಬರಿನಲ್ಲಿ, ಹಂಪಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಆನೆಗೊಂದಿಯ ನಮ್ಮ ಹೋಮ್‌ಸ್ಟೇಗೆ ಸ್ಪೇನಿನಿಂದ ವಯಸ್ಸಾದ ಗಂಡ ಹೆಂಡತಿ ಬಂದಿದ್ದರು. ರಾತ್ರಿ ಊಟಕ್ಕೆ ಎಷ್ಟೊತ್ತಿಗೆ ಎಲೆ ಹಾಕಲಿ ಅಂತ ಕೇಳಬೇಕಿತ್ತು. ಮೊಬೈಲ್ ಆ್ಯಪಿನಲ್ಲಿ ಕಲಿತಿದ್ದ ‘ಪೆದಿರ್’ ಹಾಕಿ ‘ನಿಮ್ಮನ್ನ ಒಂದು ಕೇಳಲಾ?’ ಅಂದೆ. ಆ ಅಮ್ಮ ತಟ್ಟನೆ ಪರ್ಸ್ ತೆಗೆದರು. ಪೆದಿರ್ ಅಂದರೆ ‘ಕೊಡಿ’ ಅಂತ ಕೇಳುವುದು. ಪ್ರಶ್ನೆ ಕೇಳುವುದಕ್ಕೆ ಬೇರೆಯೇ ಪದ, ‘ಪ್ರೆಗುಂತಾರ್’. ಆ್ಯಪು ಇಂಗ್ಲಿಷಿನ ‘ಆಸ್ಕ್’ ಒಂದನ್ನೇ ಎರಡಕ್ಕೂ ತೋರಿಸಿತ್ತು. ಮನೆಗೆ ಬಂದವರ ಹತ್ತಿರ ದುಡ್ಡು ಕೇಳಿದ ಹಾಗಾಯಿತಲ್ಲ ಅಂತ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆಮೇಲೆ ಪರಿಚಯದವರೊಬ್ಬರು ಹೇಳಿದ ಆನ್‌ಲೈನ್ ಕ್ಲಾಸಿಗೆ ಸೇರಿದೆ. ಕಲಿಸುವವರು ಕನ್ನಡದವರೇ. ಮೂರು ತಿಂಗಳು, ವಾರಕ್ಕೆ ಎರಡು ದಿನ, ರಾತ್ರಿ 9ಕ್ಕೆ. ಫೀಸು 6,000 ರೂಪಾಯಿ. ನಮ್ಮ ಬ್ಯಾಚಿನಲ್ಲಿ ಆರು ಜನ ಇದ್ದೆವು.

ಮೊದಲನೇ ದಿನವೇ ಮೇಡಂ ಬೋರ್ಡಿನ ನಡುವೆ ‘ಕೇಳು’ ಅಂತ ಬರೆದು ನಾಲ್ಕು ಗೆರೆ ಎಳೆದರು. ಪ್ರಶ್ನೆ ಕೇಳು, ಪ್ರೆಗುಂತಾರ್. ಬೇಡಿ ಕೇಳು, ಪೆದಿರ್. ಕಿವಿಗೆ ಬೀಳು, ಓಯಿರ್. ಕಿವಿಗೊಟ್ಟು ಕೇಳು, ಎಸ್ಕುಚಾರ್. ಆಚೆ ದಡದ ಡೊಳ್ಳು ನನಗೆ ಕೇಳಿಸಿದರೆ ಓಯಿರ್, ಅಂಗಳದಲ್ಲಿ ಕೂತು ಭಜನೆ ಕೇಳಿದರೆ ಎಸ್ಕುಚಾರ್. ನನ್ನ ತಪ್ಪು ಎಲ್ಲಿ ಆಗಿತ್ತು ಅಂತ ಆ ಕ್ಷಣಕ್ಕೆ ಹೊಳೆಯಿತು.

ಈ ಕ್ಲಾಸಿನ ದೊಡ್ಡ ಗುಣ ಇದೇ: ಇಂಗ್ಲಿಷಿನ ಸುತ್ತು ಹಾಕಿಸದೆ ಕನ್ನಡದಿಂದ ನೇರ ಕರೆದುಕೊಂಡು ಹೋಗುತ್ತಾರೆ. ‘ಸೆರ್’, ‘ಎಸ್ತಾರ್’ ಎರಡಕ್ಕೂ ‘ಇರು’ ಅನ್ನುವ ಅರ್ಥ ಬರುತ್ತದೆ. ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್ ಅಂತ ಆ್ಯಪಿನಲ್ಲಿ ಓದಿದ್ದೆ. ಹಾಗಿದ್ದರೆ ಶತಮಾನಗಳಿಂದ ಕದಲದೆ ನಿಂತ ವಿರೂಪಾಕ್ಷ ಗುಡಿ ‘ಹಂಪಿಯಲ್ಲಿದೆ’ ಅನ್ನಲು ಎಸ್ತಾರ್ ಯಾಕೆ ಬೇಕು? ಮೇಡಂ ಹೇಳಿದ್ದು ಹೀಗೆ: ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದೆ ಮುಗಿಯುವ ಮಾತು, ‘ಇವಳು ನನ್ನ ತಂಗಿ’, ‘ನಾನು ಕೊಪ್ಪಳದವಳು’, ಇಂಥವಕ್ಕೆಲ್ಲ ಸೆರ್. ಯಾವುದಾದರೂ ಎಲ್ಲಿದೆ, ಯಾರಾದರೂ ಹೇಗಿದ್ದಾರೆ ಅನ್ನುವಾಗ ಹೆಚ್ಚಾಗಿ ಎಸ್ತಾರ್. ಆದರೆ ಜಾತ್ರೆ, ಮದುವೆ ಎಲ್ಲಿ ಅಂದಾಗ ಮತ್ತೆ ಸೆರ್. ‘ಇದೆ’ ಬದಲು ‘ನಡೆಯುತ್ತೆ’ ಅಂತ ಹಾಕಿ ನೋಡಿ, ಒಪ್ಪಿದರೆ ಸೆರ್ ಅಂದರು. ಈ ಒಂದು ಸೂತ್ರ ನನ್ನನ್ನು ಎಷ್ಟೋ ಸಲ ಕಾಪಾಡಿದೆ. ನಮ್ಮ ಎಣ್ಣೆಗಾಯಿ ಬದನೆಕಾಯಿ ತಿಂದವರು ‘ಎಸ್ತಾ ರಿಕೊ’ ಅಂದರೆ ರುಚಿಯಾಗಿದೆ ಅಂತ. ಅದೇ ಸೆರ್ ಹಾಕಿ ‘ಎಸ್ ರಿಕೊ’ ಅಂತ ಮನುಷ್ಯನ ಬಗ್ಗೆ ಹೇಳಿದರೆ ಸಾಹುಕಾರ ಅಂತ.

‘ಬರು’, ‘ಹೋಗು’ ನನಗೆ ಬಹಳ ಕಾಡಿದ ಜೋಡಿ. ತಳವಾರಘಟ್ಟದ ದಡದಲ್ಲಿ ಕಾಯುತ್ತಿದ್ದ ಅತಿಥಿಗೆ ಫೋನಿನಲ್ಲಿ ‘ಬಂದೆ, ಹತ್ತೇ ನಿಮಿಷ’ ಅನ್ನಲು ‘ಬೆಂಗೊ’ (ಬೆನಿರ್, ಅಂದರೆ ‘ಬರು’ ಅನ್ನುವುದರ ‘ಬರ್ತೀನಿ’ ರೂಪ) ಅಂದೆ. ಅವರು ತಡವರಿಸಿ ‘ಎಲ್ಲಿಗೆ?’ ಅಂದರು. ಸ್ಪ್ಯಾನಿಷ್‌ನಲ್ಲಿ ‘ಬೆನಿರ್’ ಅಂದರೆ ಮಾತಾಡುವವರು ಇರುವ ಕಡೆಗೆ ಬರುವುದು ಮಾತ್ರ. ನಾನು ಅವರಿದ್ದಲ್ಲಿಗೆ ಹೊರಟರೆ ‘ಬೋಯ್’, ಅಂದರೆ ‘ಹೋಗ್ತೀನಿ’ ಅನ್ನಬೇಕು. ‘ಬರ್ತೀನ್ರೀ’ ಅಂತ ಹೇಳಿಯೇ ಹೊರಡುವ ನಮಗೆ ಇದು ನಾಲಿಗೆಗೆ ಹತ್ತಲು ಸಮಯ ಬೇಕು. ‘ಯೆಬಾರ್’, ‘ತ್ರಾಯೆರ್’ ಮಾತ್ರ ಕಷ್ಟವಾಗಲಿಲ್ಲ. ಬೆಂಗಳೂರಿನವರು ‘ತಗೊಂಡು ಹೋಗು’, ‘ತಗೊಂಡು ಬಾ’ ಅಂತ ಸುತ್ತಿ ಹೇಳುತ್ತಾರೆ, ನಮ್ಮ ಕಡೆ ‘ಒಯ್ಯಿ’, ‘ತಾ’ ಅಂದರೆ ಮುಗಿಯಿತು.

ನನಗೆ ತುಂಬಾ ಇಷ್ಟವಾದದ್ದು ‘ತೊಕಾರ್’. ಮುಟ್ಟುವುದಕ್ಕೂ ಅದೇ, ವಾದ್ಯ ನುಡಿಸುವುದಕ್ಕೂ ಅದೇ. ವಿಜಯ ವಿಠ್ಠಲ ಗುಡಿಯ ಸಂಗೀತ ಕಂಬಗಳ ಮುಂದೆ ನಿಂತು ‘ನೊ ತೊಕಾರ್’ ಅಂದರೆ ಮುಟ್ಟಬೇಡಿ, ನುಡಿಸಬೇಡಿ ಎರಡೂ ಒಂದೇ ಮಾತಿನಲ್ಲಿ ಹೇಳಿದಂತೆ. ಇಲ್ಲಿ ನಮ್ಮ ಎರಡು ಪದದ ಕೆಲಸವನ್ನ ಅವರದು ಒಂದೇ ಮಾಡುತ್ತದೆ.

ಎಂಟನೇ ವಾರದಲ್ಲಿ ಭೂತಕಾಲ ಬಂತು. ‘ಸಬೀಯ’, ‘ಸೂಪೆ’ ಎರಡೂ ‘ಸಬೇರ್’, ಅಂದರೆ ‘ತಿಳಿದಿರು’ ಅನ್ನುವುದರ ರೂಪಗಳೇ. ಒಂದು ‘ಗೊತ್ತಿತ್ತು’, ಇನ್ನೊಂದು ‘ಗೊತ್ತಾಯ್ತು’. ಕನ್ನಡದಲ್ಲಿ ಇಷ್ಟು ಸಲೀಸಾಗಿ ಬೇರೆ ಮಾಡುವುದನ್ನ ಇಂಗ್ಲಿಷ್ ದಾರಿಯಲ್ಲಿ ಹೋದ ನಾನು ಆರು ತಿಂಗಳು ಹುಡುಕಿದ್ದೆ. ಊರು, ಮನುಷ್ಯರು ಗೊತ್ತು ಅನ್ನಲು ಮತ್ತೆ ಬೇರೆ, ‘ಕೊನೊಸೇರ್’. ಈಜು ಬರುತ್ತೆ, ಅಡುಗೆ ಬರುತ್ತೆ ಅನ್ನುವಲ್ಲಿ ಸಬೇರ್.

ಕೊರತೆಯೂ ಇದೆ. ಕೇಳಿ ಅಭ್ಯಾಸ ಮಾಡಲು ಆಡಿಯೊ ಬಹಳ ಕಡಿಮೆ ಕೊಟ್ಟರು. ಮೇಡಂ ಮಾತಾಡಿದ್ದು ಪೂರ್ತಿ ತಿಳಿಯುತ್ತಿತ್ತು, ಅತಿಥಿಗಳು ತಮ್ಮ ತಮ್ಮಲ್ಲಿ ಜೋರಾಗಿ ಮಾತಾಡಿದರೆ ಈಗಲೂ ಅರ್ಧ ತಪ್ಪಿಹೋಗುತ್ತದೆ. ನಮ್ಮೂರಿನಲ್ಲಿ ನೆಟ್‌ವರ್ಕ್ ಕೈಕೊಟ್ಟ ದಿನ ಕ್ಲಾಸಿನ ರೆಕಾರ್ಡಿಂಗ್ ಕೇಳಿದರೆ ಸಿಗಲಿಲ್ಲ, ಬರೀ ನೋಟ್ಸ್ ಕಳಿಸಿದರು. ದುಡ್ಡು ಕೊಟ್ಟವರಿಗೆ ರೆಕಾರ್ಡಿಂಗ್ ಕೊಡಲೇಬೇಕು ಅಂತ ಅವರಿಗೂ ಬರೆದಿದ್ದೇನೆ.

ಹಂಪಿ, ಆನೆಗೊಂದಿಯ ಗೈಡುಗಳು, ರೂಮು ಕೊಡುವವರು ಕಣ್ಣುಮುಚ್ಚಿ ಸೇರಬಹುದು. ಅಕ್ಟೋಬರಿನಲ್ಲಿ ಸೀಸನ್ ಶುರುವಾದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ನದಿ ತುಂಬಿ ಹರಿಗೋಲು ನಿಂತಿರುವ ಮಳೆಗಾಲದಲ್ಲೇ ಸೇರಿಕೊಳ್ಳಿ.