ಮೂರು ವರ್ಷದ ಬಳಕೆ: ಮನೆ ಸರ್ವರಿನ ಬೀಗ ಗಟ್ಟಿ, ಡೊಮೈನ್ ನವೀಕರಣವೇ ಸಡಿಲು

ಮಂಗಳೂರಿನ ಮನೆಯಲ್ಲಿ ಮನೆಯ ಫೋಟೋಗಳನ್ನು ಹೊರಗಿನಿಂದಲೂ ತೆರೆಯಲಿಕ್ಕೆಂದು ಸರ್ವರಾಗಿ ಇಟ್ಟ ಒಂದು ರಾಸ್‌ಬೆರಿ ಪೈ 4 (ಅಂಗೈಯಗಲದ ಕಂಪ್ಯೂಟರ್), ಅದಕ್ಕೊಂದು ಎಸ್‌ಎಸ್‌ಡಿ (ಡೇಟಾ ಇಡುವ ಡಿಸ್ಕ್), ಹೊರದೇಶದ ರಿಜಿಸ್ಟ್ರಾರ್ (ಡೊಮೈನ್, ಅಂದರೆ ಇಂಟರ್ನೆಟ್ಟಿನ ಹೆಸರು ಮಾರುವವರು) ಕಡೆಯಿಂದ ತೆಗೆದುಕೊಂಡ ಡಾಟ್ ಕಾಮ್ ಹೆಸರು. ಮೂರು ವರ್ಷ ಹಗಲೂ ರಾತ್ರಿಯೂ ಓಡಿದ ಮೇಲಿನ ವಿಮರ್ಶೆ ಇದು. ಕರೆಂಟಿನ ಲೆಕ್ಕ ಕೇಳುವವರಿಗೆ: ಎಸ್‌ಎಸ್‌ಡಿ ಸೇರಿ ಸುಮಾರು 6 ವ್ಯಾಟ್, ಅಂದರೆ ತಿಂಗಳಿಗೆ ನಾಲ್ಕೂಕಾಲು ಯೂನಿಟ್ ಚಿಲ್ಲರೆ. ಬಿಲ್ಲಿನಲ್ಲಿ ಗೊತ್ತೇ ಆಗುವುದಿಲ್ಲ.

ಡೊಮೈನಿಗೆ ದುಡ್ಡು ಕಟ್ಟುವ ಮೊದಲೇ ರೌಟರಿನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ನೋಡಿಕೊಳ್ಳಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನಿಮ್ಮ ಲೈನು ಸಿಜಿನ್ಯಾಟ್ (ಹಲವು ಮನೆಗಳಿಗೆ ಒಂದೇ ಹೊರವಿಳಾಸ ಹಂಚುವ ಏರ್ಪಾಡು) ಹಿಂದೆ ಉಂಟು ಎಂದರ್ಥ. ಪೋರ್ಟ್ ಫಾರ್ವರ್ಡ್ (ರೌಟರಿನ ಒಂದು ಬಾಗಿಲನ್ನು ಸರ್ವರಿನತ್ತ ತಿರುಗಿಸುವುದು) ಎಷ್ಟು ಮಾಡಿದರೂ ಹೊರಗಿನಿಂದ ಒಳಗೆ ಬರಲಿಕ್ಕಾಗುವುದಿಲ್ಲ. ಐಪಿವಿ6 (ಹೀಗೆ ಹಂಚಿಕೊಳ್ಳಬೇಕಿಲ್ಲದ ಹೊಸ ಬಗೆಯ ವಿಳಾಸ) ಸಿಗುತ್ತಿದ್ದರೆ ಬಚಾವ್: ಹೆಸರಿಗೆ ಕ್ವಾಡ್-ಎ ದಾಖಲೆ (ಹೆಸರನ್ನು ಐಪಿವಿ6 ವಿಳಾಸಕ್ಕೆ ಜೋಡಿಸುವುದು) ಹಾಕಿ, ರೌಟರಿನ ಐಪಿವಿ6 ಫೈರ್‌ವಾಲಿನಲ್ಲಿ ಒಂದೇ ಒಂದು ಪೋರ್ಟ್ ಬಿಡಿ. ವಿಳಾಸ ಆಗಾಗ ಬದಲಾಗುವುದರಿಂದ ಟಿಟಿಎಲ್ (ಹಳೆಯ ವಿಳಾಸವನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡ್ ಇಟ್ಟು, ಐದು ನಿಮಿಷಕ್ಕೊಮ್ಮೆ ಡಿಎನ್‌ಎಸ್ (ಹೆಸರು-ವಿಳಾಸದ ಪಟ್ಟಿ) ತಿದ್ದುವ ಸಣ್ಣ ಸ್ಕ್ರಿಪ್ಟನ್ನು ಹೊತ್ತುಹೊತ್ತಿಗೆ ಕೆಲಸ ಓಡಿಸುವ ಕ್ರಾನಿಗೆ ಹಾಕಿದರೆ ಆಯಿತು.

ಆ ಒಂದು ಪೋರ್ಟ್ ವೈರ್‌ಗಾರ್ಡಿನದ್ದು (ಫೋನಿನಿಂದ ಮನೆಗೆ ಗುಪ್ತ ದಾರಿ ಮಾಡುವ ವಿಪಿಎನ್), ಯುಡಿಪಿ 51820. ಈ ಮೂರು ವರ್ಷದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ. ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ದಾರಿ) ಪೋರ್ಟ್ 22 ಹೊರಗೆ ತೆರೆದಿದ್ದಾಗ ಬೆಳಿಗ್ಗೆ ಚಹಾದ ಹೊತ್ತಿಗೆ ಲಾಗ್ ತೆಗೆದರೆ ರೂಟ್, ಅಡ್ಮಿನ್, ಪೈ, ಉಬುಂಟು ಎಂಬ ಹೆಸರುಗಳಲ್ಲಿ ಬಾಗಿಲು ತಟ್ಟಿಹೋದವರ ಸಾಲು ಮುಗಿಯುತ್ತಲೇ ಇರಲಿಲ್ಲ. ವೈರ್‌ಗಾರ್ಡ್ ಹಾಗಲ್ಲ, ಸರಿಯಾದ ಕೀ ಇಲ್ಲದ ಪ್ಯಾಕೆಟಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಸ್ಕ್ಯಾನ್ ಮಾಡುವವನಿಗೆ ಅಲ್ಲೊಂದು ಪೋರ್ಟ್ ಉಂಟೆಂದೇ ತಿಳಿಯುವುದಿಲ್ಲ. ಈಗಲೂ ದಿನಾ ಚಹಾದ ಜೊತೆ ಲಾಗ್ ತೆಗೆಯುವುದುಂಟು. ಎರಡು ಸಾಲು, ಎರಡೂ ಮನೆಯವರ ಫೋನಿನದ್ದೇ. ಉಡುಪಿ ಬಸ್ಸಿನಲ್ಲಿ ಕೂತು ಮನೆಯ ಫೋಟೋ ತೆರೆಯುವುದಕ್ಕೆ ಇಷ್ಟು ಸಾಕು.

ಒಳಗಿನ ಬೀಗಗಳಲ್ಲಿ ಎರಡು ಕಡೆ ಜನ ಎಡವುತ್ತಾರೆ. ಎಸ್‌ಎಸ್‌ಎಚ್ ಮುಖ್ಯ ಫೈಲಿನಲ್ಲಿ ಪಾಸ್‌ವರ್ಡ್ ಲಾಗಿನ್ ಬೇಡವೆಂದು ಬರೆದರೂ, ಉಬುಂಟುವಿನಲ್ಲಿ (ಲಿನಕ್ಸಿನ ಒಂದು ಬಗೆ) ಮೊದಲ ಸಲದ ಹೊಂದಿಕೆ ಮಾಡುವ ಕ್ಲೌಡ್-ಇನಿಟ್ ಇಟ್ಟುಹೋದ ಇನ್ನೊಂದು ಸಣ್ಣ ಫೈಲು ಬೇಕು ಎನ್ನುತ್ತಿರಬಹುದು. ಎಸ್‌ಎಸ್‌ಎಚ್ ಮೊದಲು ಓದಿದ ಮಾತನ್ನೇ ಹಿಡಿಯುತ್ತದೆ, ಆ ಸಣ್ಣ ಫೈಲು ಮೊದಲು ಓದಿಸಿಕೊಳ್ಳುತ್ತದೆ. ಎಸ್‌ಎಸ್‌ಎಚ್‌ಡಿಯನ್ನು ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟು ಓಡಿಸಿದರೆ ನಿಜವಾಗಿ ಯಾವುದು ಜಾರಿಯಲ್ಲಿದೆ ಎಂದು ಕಾಣುತ್ತದೆ. ಎರಡನೆಯದ್ದು ಡಾಕರ್, ಒಂದೊಂದು ಪ್ರೋಗ್ರಾಮನ್ನು ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿಯಲ್ಲಿ ಓಡಿಸುವ ತಂತ್ರಾಂಶ. ಕಂಟೇನರಿನ ಪೋರ್ಟ್ ಪ್ರಕಟಿಸಿದರೆ ಅದು ಐಪಿಟೇಬಲ್ಸಿನಲ್ಲಿ (ಲಿನಕ್ಸಿನ ಫೈರ್‌ವಾಲ್ ನಿಯಮಗಳು) ತನ್ನದೇ ದಾರಿ ಮಾಡಿಕೊಳ್ಳುತ್ತದೆ, ಆ ನಿಯಮಗಳನ್ನು ಸುಲಭವಾಗಿ ಬರೆಯುವ ಯುಎಫ್‌ಡಬ್ಲ್ಯು ಹಾಕಿದ ತಡೆ ಅದಕ್ಕೆ ತಾಗುವುದೇ ಇಲ್ಲ. ಪೋರ್ಟಿನ ಮುಂದೆ 127.0.0.1 (ಆ ಯಂತ್ರಕ್ಕೆ ಮಾತ್ರ ಎಂದರ್ಥ) ಸೇರಿಸಿ ಬರೆಯಿರಿ.

ಎಚ್‌ಟಿಟಿಪಿಎಸ್ ಬೀಗದ ಸರ್ಟಿಫಿಕೇಟಿಗೆ ಅದನ್ನು ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್, ಡಿಎನ್‌ಎಸ್ ಮೂಲಕ ಪರಿಶೀಲನೆ, ವೈಲ್ಡ್‌ಕಾರ್ಡ್ (ಎಲ್ಲ ಉಪಹೆಸರಿಗೂ ಒಂದೇ). ಇದರಿಂದ ಪೋರ್ಟ್ 80 ತೆರೆಯುವ ಪ್ರಮೇಯವೇ ಇಲ್ಲ. ಇನ್ನೊಂದು ಕಾರಣವೂ ಉಂಟು. ಕೊಟ್ಟ ಪ್ರತಿ ಸರ್ಟಿಫಿಕೇಟೂ ಸಾರ್ವಜನಿಕ ದಾಖಲೆಗೆ ಹೋಗುವುದರಿಂದ, ಕ್ಯಾಮೆರಾ, ಫೋಟೋ ಎಂದು ಒಂದೊಂದು ಉಪಹೆಸರಿಗೂ ಬೇರೆ ಬೇರೆ ತೆಗೆದರೆ ಮನೆಯೊಳಗೆ ಏನೇನುಂಟು ಎಂದು ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಸ್ಕ್ರಿಪ್ಟು ಡಿಎನ್‌ಎಸ್ ತಿದ್ದಲು ಬಳಸುವ ಟೋಕನಿಗೆ (ಗುಪ್ತ ಕೋಡ್) ಆ ಒಂದು ಡೊಮೈನಿನ ಅಧಿಕಾರ ಮಾತ್ರ ಕೊಡಿ. ಸರ್ಟಿಫಿಕೇಟ್ ಯಾರು ಕೊಡಬಹುದೆಂದು ಡಿಎನ್‌ಎಸ್‌ನಲ್ಲಿ ಹೇಳುವ ಸಿಎಎ ದಾಖಲೆಯನ್ನೂ ಹಾಕಿಬಿಡಿ, ಬೇರೆ ಸಂಸ್ಥೆಗಳು ನಿಮ್ಮ ಹೆಸರಿಗೆ ಸರ್ಟಿಫಿಕೇಟ್ ಕೊಡುವ ಹಾಗಿಲ್ಲ. ಅವಧಿ ಮುಗಿಯುವ ಎಚ್ಚರಿಕೆಯ ಮೇಲ್ ಕಳಿಸುವುದನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿದೆ, ಆ ತಾರೀಕನ್ನು ನೀವೇ ಗಮನಿಸಬೇಕು.

ಸಿಡಿಲಿನ ವಿಷಯವನ್ನೂ ಹೇಳಬೇಕು. ಏಪ್ರಿಲ್-ಮೇಯಲ್ಲಿ ಗುಡುಗು ಶುರುವಾದರೆ ಇಲ್ಲಿ ಟಿವಿ ಪ್ಲಗ್ ತೆಗೆಯುವುದು ಎಲ್ಲರಿಗೂ ರೂಢಿ, ಪೈಯ ಅಡಾಪ್ಟರನ್ನು ಮರೆಯುವುದೂ ರೂಢಿ. ಗಾಜಿನ ಫೈಬರಿನಲ್ಲಿ ಸಿಡಿಲು ಬರುವುದಿಲ್ಲ, ಆದರೆ ತೆಂಗಿನಮರದಿಂದ ಮನೆಗೆ ಎಳೆದ ಕೇಬಲಿನ ಪಕ್ಕದಲ್ಲೊಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಬಿಡಿಸಿ ಕತ್ತರಿಸಲಿಕ್ಕೆ ಲೈನ್ ಎಳೆಯುವವರಿಗೆ ಹೇಳಿ.

ಇಲ್ಲಿಯವರೆಗೆ ಐದಕ್ಕೆ ಐದು. ಈಗ ಹೆಸರು ಮಾರಿದವರ ವಿಷಯ.

ಖಾತೆಯ ಪುಟದಲ್ಲಿ ‘ಆಟೋ ರಿನ್ಯೂ’ ಹಸಿರಾಗಿ ಉರಿಯುತ್ತಿತ್ತು. ನವೀಕರಣ ಆಗಲೇ ಇಲ್ಲ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕಾರ್ಡಿನಿಂದ ತನ್ನಷ್ಟಕ್ಕೆ ದುಡ್ಡು ಹೋಗಬೇಕಾದರೆ ಮೊದಲೇ ಒಟಿಪಿ ಕೊಟ್ಟು ಇ-ಮ್ಯಾಂಡೇಟ್ ನೋಂದಾಯಿಸಿರಬೇಕು, ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕು ತಿಳಿಸಬೇಕು. ಆ ವ್ಯವಸ್ಥೆ ಇವರಲ್ಲಿಲ್ಲ. ಬ್ಯಾಂಕು ತಿರಸ್ಕರಿಸಿತು, ಹಸಿರು ದೀಪ ಮಾತ್ರ ಹಾಗೇ ಉಳಿಯಿತು. ಭಾರತದ ಕಾರ್ಡ್ ತೆಗೆದುಕೊಂಡು ವ್ಯಾಪಾರ ಮಾಡುವವರು ಇಷ್ಟನ್ನು ಖಾತೆಯ ಪುಟದಲ್ಲಿ ಬರೆಯಬೇಡವೇ?

ಹೆಸರು ಸತ್ತಾಗ ಎಲ್ಲ ಒಟ್ಟಿಗೆ ಬೀಳುತ್ತದೆ. ರಿಜಿಸ್ಟ್ರಾರ್ ನೇಮ್‌ಸರ್ವರ್ (ಹೆಸರಿನ ಡಿಎನ್‌ಎಸ್ ದಾಖಲೆ ಇರುವ ಸರ್ವರ್) ಬದಲಿಸಿ ಜಾಹೀರಾತಿನ ಪುಟ ತೋರಿಸುತ್ತಾರೆ. ನಮ್ಮ ಸ್ಕ್ರಿಪ್ಟು ಐಪಿ ತಿದ್ದುತ್ತಿರುವ ಹಳೆಯ ಜಾಗವನ್ನು ಈಗ ಯಾರೂ ಕೇಳುವುದಿಲ್ಲ, ಸರ್ಟಿಫಿಕೇಟ್ ನವೀಕರಣ ಸೋಲುತ್ತದೆ. ಅವಧಿ ಮುಗಿದ ಮೇಲೆ ಕಳಿಸುವ ನೆನಪೋಲೆ ಅದೇ ಡೊಮೈನಿನ ಮೇಲ್ ವಿಳಾಸಕ್ಕೆ ಹೋದರೆ ಮುಟ್ಟುವುದಿಲ್ಲ, ಖಾತೆಯೊಳಗೆ ಹೋಗಲು ಬೇಕಾದ ಕೋಡೂ ಅಲ್ಲಿಗೇ ಬರುವುದಾದರೆ ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದ ಹಾಗೆ. ಡಾಟ್ ಕಾಮ್‌ಗೆ ಗರಿಷ್ಠ 45 ದಿನದ ವಿನಾಯಿತಿ ಸಿಗಬಹುದು, ಅದು ರಿಜಿಸ್ಟ್ರಾರ್ ಮರ್ಜಿ. ಆಮೇಲೆ 30 ದಿನದ ರಿಡೆಂಪ್ಶನ್ (ಹಳೆಯ ಮಾಲೀಕ ಮಾತ್ರ ಬಿಡಿಸಿಕೊಳ್ಳಬಹುದಾದ ಅವಧಿ), ಅಲ್ಲಿ ಬಿಡಿಸಿಕೊಳ್ಳುವ ಶುಲ್ಕ ಮಾಮೂಲು ದರದ ಹಲವು ಪಟ್ಟು. ಕೊನೆಗೆ 5 ದಿನ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಕೊಂಡವನ ಕೈಗೆ ಹೆಸರು ಮಾತ್ರ ಹೋಗುವುದಿಲ್ಲ, ಆ ಮೇಲ್ ವಿಳಾಸ ಕೊಟ್ಟಲ್ಲೆಲ್ಲ ಪಾಸ್‌ವರ್ಡ್ ಬದಲಿಸುವ ಅಧಿಕಾರವೂ ಹೋಗುತ್ತದೆ. ಇಂಥ ಖಾತೆಗೆ ಇವರು ಕೊಡುವ ಎರಡನೇ ಬೀಗ ಬರೀ ಎಸ್‌ಎಂಎಸ್ ಒಟಿಪಿ. ಆ್ಯಪ್ ಕೋಡಿಲ್ಲ, ಹಾರ್ಡ್‌ವೇರ್ ಕೀ ಇಲ್ಲ. ಐದರಲ್ಲಿ ಎರಡೇ ನಕ್ಷತ್ರ.

ಇದೇ ಸ್ಥಿತಿಯಲ್ಲಿ ಇರುವವರು ಸಂಪರ್ಕದ ಮೇಲ್ ಬೇರೆ ಡೊಮೈನಿನದ್ದು ಕೊಡಿ, ವರ್ಷವರ್ಷ ಕಾಯದೆ ಕೈಯಾರೆ ಮೂರೋ ಐದೋ ವರ್ಷಕ್ಕೆ ಒಟ್ಟಿಗೆ ಕಟ್ಟಿ (ಗರಿಷ್ಠ ಹತ್ತು), ಡೊಮೈನುಗಳ ಸಾರ್ವಜನಿಕ ದಾಖಲೆಯಲ್ಲಿ (ಹಿಂದಿನ ಹೂಈಸ್, ಈಗ ಆರ್‌ಡಿಎಪಿ) ಮುಕ್ತಾಯದ ತಾರೀಕು ಬದಲಾಯಿತೋ ಎಂದು ನೋಡಿ. ಬೇರೆ ಕಡೆಗೆ ಹೋಗುವುದಾದರೆ ಡೊಮೈನಿನ ಲಾಕ್ ತೆಗೆದು ಆಥ್ ಕೋಡ್ (ವರ್ಗಾವಣೆಗೆ ಬೇಕಾದ ಗುಪ್ತ ಕೋಡ್) ಕೇಳಿ. ವರ್ಗಾವಣೆಗೆ ಐದಾರು ದಿನ ಹಿಡಿಯುತ್ತದೆ, ಅವಧಿಗೆ ಒಂದು ವರ್ಷ ಸೇರುತ್ತದೆ. ಡಿಎನ್‌ಎಸ್ ದಾಖಲೆಗಳನ್ನು ಮೊದಲೇ ಹೊಸ ಕಡೆ ಬರೆದಿಡಿ, ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಕ್ಕೆ ಹಾಕುವ ಸಹಿ) ಹಾಕಿದ್ದರೆ ಆ ಸಹಿಯ ಗುರುತಾದ ಹಳೆಯ ಡಿಎಸ್ ದಾಖಲೆ ತೆಗೆದು ಒಂದೆರಡು ದಿನ ಬಿಟ್ಟು ನೇಮ್‌ಸರ್ವರ್ ಬದಲಿಸಿ. ನಮ್ಮದು ಹಾಗೇ ಹೊರಟಿದೆ, ಯುಪಿಐ ತೆಗೆದುಕೊಳ್ಳುವ, ಆ್ಯಪ್ ಕೋಡ್ ಇರುವ ಕಡೆಗೆ.