ಹೋಟೆಲ್ ಈಜುಕೊಳಕ್ಕೆ ಮೊದಲ ಬಾರಿ ಇಳಿಯುವವರಿಗೆ: ಎದೆಮಟ್ಟದ ನೀರನ್ನು ನಂಬಬೇಡಿ

ಈಜು ಬಾರದ ವಯಸ್ಕರು ಹೋಟೆಲಿನ ಈಜುಕೊಳಕ್ಕೆ ಇಳಿಯುವಾಗ ಒಂದೇ ಒಂದು ನಂಬಿಕೆಯ ಮೇಲೆ ಇಳಿಯುತ್ತಾರೆ: ನೀರು ಎದೆಯನ್ನು ದಾಟದಿದ್ದರೆ, ಕಾಲು ನೆಲಕ್ಕೆ ತಾಗುತ್ತಿದ್ದರೆ, ಭಯಪಡಬೇಕಾದದ್ದೇನೂ ಇಲ್ಲ. ನನ್ನ ತಮ್ಮನೂ ಹೀಗೆಯೇ ನಂಬಿ ಇಳಿದಿದ್ದನು. ಅವನು ಎತ್ತರದ, ಗಟ್ಟಿಮುಟ್ಟಾದ ಆಳು. ನೀರಿನಲ್ಲಿ ಹುಡುಗಾಟವಾಡುವ ಸ್ವಭಾವದವನಲ್ಲ. ಆದರೂ ನಮ್ಮ ಕಣ್ಣಳತೆಯಲ್ಲೇ, ಜನರಿದ್ದ ಕೊಳದಲ್ಲಿ, ಹಗಲು ಹೊತ್ತಿನಲ್ಲಿ, ಅವನು ಮುಳುಗಿದನು. ಅವನು ಬದುಕಿ ಉಳಿದಿದ್ದಾನೆ ಎಂಬ ಸಮಾಧಾನದಲ್ಲಿ ಸುಮ್ಮನಾಗುವುದು ನನಗೆ ಸರಿಯೆನಿಸಲಿಲ್ಲ. ಮುಂದಿನ ರಜೆಯಲ್ಲಿ ಇಂಥದೇ ಕೊಳವೊಂದಕ್ಕೆ ಮೊದಲ ಬಾರಿ ಇಳಿಯಲಿರುವವರಿಗೆ, ಅಪಾಯ ಎಲ್ಲಿರುತ್ತದೆ ಎಂಬುದು ಮೊದಲೇ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಆ ಕೊಳದ ಒಂದು ತುದಿಯಲ್ಲಿ ಆಳ ಸುಮಾರು ಮೂರೂವರೆ ಅಡಿ ಇತ್ತು, ಇನ್ನೊಂದು ತುದಿಯಲ್ಲಿ ಆರು ಅಡಿಗಿಂತ ಹೆಚ್ಚು. ಆಳದ ಅಂಕಿಗಳನ್ನು ಎರಡು ತುದಿಗಳಲ್ಲಿ ಮಾತ್ರ ಬರೆದಿದ್ದರು. ಅವುಗಳಲ್ಲೂ ಆಳದ ಕಡೆಯದು ಮಾಸಿಹೋಗಿ ಓದಲು ಬರುವಂತಿರಲಿಲ್ಲ. ನಡುವೆ ನೆಲ ಎಲ್ಲಿಂದ ಇಳಿಯಲು ತೊಡಗುತ್ತದೆ ಎಂಬುದಕ್ಕೆ ಗೆರೆಯಾಗಲಿ, ಬೇರೆ ಬಣ್ಣದ ಟೈಲ್ಸ್ ಆಗಲಿ, ನೀರಿನ ಮೇಲೆ ತೇಲುವ ಹಗ್ಗವಾಗಲಿ ಇರಲಿಲ್ಲ. ಹಗ್ಗವೊಂದು ಇತ್ತೆಂಬುದು ನಮಗೆ ತಿಳಿದದ್ದು ಆಮೇಲೆ: ಚೆಂಡಾಟಕ್ಕೆ ಅಡ್ಡವಾಗುತ್ತದೆಂದು ಅತಿಥಿಗಳು ಹೇಳಿದ್ದರಿಂದ ಅದನ್ನು ಬಿಚ್ಚಿ ಸುತ್ತಿಟ್ಟಿದ್ದರು. ಜೀವರಕ್ಷಕರು ಯಾರೂ ಇರಲಿಲ್ಲ. ಟವೆಲ್ ಕೊಡುತ್ತಿದ್ದ ಒಬ್ಬ ಹುಡುಗನಿದ್ದನು. ಅವನಿಗೂ ಈಜು ಬರುತ್ತಿರಲಿಲ್ಲ.

ತಮ್ಮನು ಆಳ ಕಡಿಮೆಯಿದ್ದ ತುದಿಯಲ್ಲಿ ಮೆಟ್ಟಿಲಿಳಿದು, ಸ್ವಲ್ಪ ಹೊತ್ತು ಅಂಚನ್ನು ಹಿಡಿದು ನಿಂತು, ನೀರು ಒಗ್ಗಿದ ಮೇಲೆ ಕೊಳದ ನಡುವಿನ ಕಡೆಗೆ ನಿಧಾನವಾಗಿ ನಡೆಯತೊಡಗಿದನು. ನೀರು ಎದೆಗೆ ಬಂದಾಗ ಸಾಕೆಂದು ತಿರುಗಲು ನೋಡಿದ್ದಾನೆ, ಆದರೆ ತಿರುಗಲಾಗಲಿಲ್ಲ. ಕಾಲು ಹಿಂದಕ್ಕೆ ಊರಿದಷ್ಟೂ ಮುಂದಕ್ಕೇ ಜಾರುತ್ತಿತ್ತು ಎಂದು ಅವನು ಆಮೇಲೆ ಹೇಳಿದನು. ಈ ಮಾತು ನನಗೆ ಮೊದಲು ಅರ್ಥವಾಗಲಿಲ್ಲ. ನಿಂತಿದ್ದ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿಯಲಾರನೇ ಎಂದು ಕೇಳಿದವರು ಬಹಳ ಮಂದಿ. ಅದಕ್ಕೆ ಉತ್ತರ ಕೊಳದ ನೆಲದಲ್ಲೂ ನೀರಿನ ಸ್ವಭಾವದಲ್ಲೂ ಇದೆ, ಅದನ್ನು ತುಸು ವಿವರವಾಗಿಯೇ ಹೇಳಬೇಕು.

ಇಂಥ ಕೊಳಗಳಲ್ಲಿ ಆಳ ಕಡಿಮೆಯಿರುವ ಭಾಗದ ನೆಲ ಬಹುಮಟ್ಟಿಗೆ ಸಮತಟ್ಟಾಗಿರುತ್ತದೆ, ಇಲ್ಲವೆ ಕಾಲಿಗೆ ಗೊತ್ತಾಗದಷ್ಟು ಸಣ್ಣ ಇಳಿಜಾರಿನದಾಗಿರುತ್ತದೆ. ಒಂದು ಜಾಗದಿಂದ ಮುಂದೆ ಇಳಿಜಾರು ಒಮ್ಮೆಗೇ ಕಡಿದಾಗುತ್ತದೆ. ಅಲ್ಲಿ ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗಿಳಿಯುವಂತೆ ಕಟ್ಟುವುದೂ ಉಂಟು. ಎಂದರೆ ಎರಡು ಮೂರು ಹೆಜ್ಜೆಗಳಲ್ಲಿ ಎದೆಮಟ್ಟದ ನೀರು ಮೂಗಿನ ಮೇಲೆ ಏರುತ್ತದೆ. ಇದರ ಜೊತೆಗೆ, ನೀರಿನಲ್ಲಿ ನಿಂತವರ ಭಾರ ಪಾದಗಳ ಮೇಲೆ ಪೂರ್ತಿ ಬೀಳುವುದಿಲ್ಲ. ಸೊಂಟದವರೆಗೆ ನೀರಿದ್ದಾಗ ಪಾದಕ್ಕೆ ಸಿಗುವ ಭಾರ ದೇಹದ ತೂಕದ ಅರ್ಧದಷ್ಟು, ಎದೆಯವರೆಗೆ ಬಂದಾಗ ಮೂರನೇ ಒಂದು ಭಾಗದಷ್ಟು, ಕುತ್ತಿಗೆಯವರೆಗೆ ಏರಿದಾಗ ಹತ್ತನೇ ಒಂದು ಭಾಗ ಮಾತ್ರ. 60 ಕಿಲೋ ತೂಗುವ ಮನುಷ್ಯ ಕುತ್ತಿಗೆಯಾಳದ ನೀರಿನಲ್ಲಿ ನೆಲವನ್ನು ಒತ್ತುವುದು ಸುಮಾರು 6 ಕಿಲೋ ಭಾರದಿಂದಷ್ಟೇ. ಭಾರವಿಲ್ಲದ ಪಾದಕ್ಕೆ ಹಿಡಿತವಿರುವುದಿಲ್ಲ. ಅದರ ಕೆಳಗೆ ನುಣುಪಾದ ಇಳಿಜಾರು ಇದ್ದರೆ ಹಿಂದಕ್ಕೆ ಹತ್ತುವುದು ಹಾಗಿರಲಿ, ನಿಂತಲ್ಲಿ ನಿಲ್ಲುವುದೂ ಕಷ್ಟ. ಪಕ್ಕದಲ್ಲಿ ಯಾರಾದರೂ ಧುಮುಕಿ ಎಬ್ಬಿಸಿದ ಅಲೆಯೊಂದು ಬಂದರೆ ಆ ಹಿಡಿತವೂ ತಪ್ಪುತ್ತದೆ. ಎದೆಮಟ್ಟದ ನೀರು ನಿಲ್ಲಲು ಭದ್ರವಾದ ಜಾಗ ಎಂಬ ನಂಬಿಕೆ ತಪ್ಪುವುದು ಇಲ್ಲಿಯೇ.

ಕಣ್ಣೂ ಇಲ್ಲಿ ನೆರವಿಗೆ ಬರುವುದಿಲ್ಲ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ, ಕೊಳದ ತಳ ಇರುವುದಕ್ಕಿಂತ ಮೇಲೆದ್ದಂತೆ ತೋರುತ್ತದೆ. ನೇರ ಮೇಲಿನಿಂದ ನೋಡಿದರೂ 6 ಅಡಿಯ ಆಳ ನಾಲ್ಕೂವರೆ ಅಡಿಯಂತೆ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ನೀರಿನಲ್ಲಿ ನಿಂತು ಮುಂದಕ್ಕೆ ನೋಡುವವರಿಗೆ ಆಳದ ಕಡೆಯ ನೆಲವೂ ತಾವು ನಿಂತ ನೆಲದ ಮುಂದುವರಿಕೆಯಂತೆಯೇ ಕಾಣುವುದು ಇದರಿಂದಲೇ.

ಅವನು ಕೂಗಲಿಲ್ಲ, ಕೈ ಬೀಸಲಿಲ್ಲ. ನಾವು ಅಂಚಿನಲ್ಲಿ ಕುಳಿತು ಮಾತನಾಡುತ್ತಿದ್ದೆವು. ಅವನ ತಲೆ ನೀರಿನ ಮೇಲೆ ಕಾಣುತ್ತಿತ್ತು, ಮುಖ ಆಕಾಶದ ಕಡೆಗಿತ್ತು. ಅವನು ತೇಲುವ ಪ್ರಯತ್ನದಲ್ಲಿದ್ದಾನೆಂದೇ ನೋಡಿದವರೆಲ್ಲ ಭಾವಿಸಿದರು. ನಿಜವಾಗಿ ಮುಳುಗುತ್ತಿರುವವರು ಕಾಣುವುದೇ ಹೀಗೆ. ಅಮೆರಿಕದ ಜೀವರಕ್ಷಕರಾದ ಫ್ರಾನ್ಸೆಸ್ಕೊ ಪಿಯಾ ಅವರು 1970ರ ದಶಕದಲ್ಲಿ, ಈಜು ಬಾರದವರು ನೀರಿನಲ್ಲಿ ಹೇಗೆ ವರ್ತಿಸುತ್ತಾರೆ ಎಂಬುದನ್ನು ಚಿತ್ರೀಕರಿಸಿ ಅಭ್ಯಸಿಸಿ ತೋರಿಸಿಕೊಟ್ಟದ್ದು ಇದನ್ನೇ. ಉಸಿರಾಡಲು ಬಿಡುವಿಲ್ಲದ ಬಾಯಿಗೆ ಕೂಗಲು ಬಿಡುವಿರುವುದಿಲ್ಲ. ಬಾಯಿ ನೀರಿನ ಮೇಲೆ ಬಂದ ಒಂದು ಕ್ಷಣದಲ್ಲಿ ಉಸಿರನ್ನು ಬಿಟ್ಟು ಎಳೆದುಕೊಳ್ಳುವುದರೊಳಗೆ ಮತ್ತೆ ಮುಳುಗಿರುತ್ತದೆ. ತೋಳುಗಳು ತಾವಾಗಿಯೇ ಎರಡೂ ಬದಿಗೆ ಚಾಚಿ ನೀರನ್ನು ಕೆಳಗೊತ್ತುತ್ತಿರುತ್ತವೆ. ಕೈ ಬೀಸುವುದು, ಎಸೆದ ಹಗ್ಗವನ್ನು ಹಿಡಿಯುವುದು ಅವರ ಇಚ್ಛೆಗೆ ಒಳಪಟ್ಟಿರುವುದಿಲ್ಲ. ದೇಹ ನೆಟ್ಟಗೆ ನಿಂತಿರುತ್ತದೆ, ಕಾಲುಗಳ ಬಡಿತವಿರುವುದಿಲ್ಲ. ಈ ಸ್ಥಿತಿ 20ರಿಂದ 60 ಸೆಕೆಂಡುಗಳಷ್ಟು ಇದ್ದು, ಆಮೇಲೆ ತಲೆ ನೀರಿನೊಳಗೆ ಹೋಗುತ್ತದೆ. ಈಜು ಬಾರದವರು ನೀರಿನಲ್ಲಿ ಸದ್ದಿಲ್ಲದೆ ಮುಖವನ್ನು ಮೇಲೆತ್ತಿಕೊಂಡಿದ್ದರೆ ಹೆಸರು ಹಿಡಿದು ಕೂಗಿ ಕೇಳಿ. ಉತ್ತರ ಬಾರದಿದ್ದರೆ ಎರಡನೆಯ ಸಲ ಕೇಳುತ್ತ ಕೂರಬೇಡಿ.

ತಮ್ಮನನ್ನು ಗುರುತಿಸಿದವರು ಕೊಳದ ಉದ್ದಕ್ಕೂ ಈಜುತ್ತಿದ್ದ ಒಬ್ಬ ಮಹಿಳೆ. ಅವರು ಹಿಂದಿನಿಂದ ಬಂದು ಕಂಕುಳಿಗೆ ಕೈಕೊಟ್ಟು ಅಂಚಿಗೆ ತಳ್ಳಿದರು, ಉಳಿದವರು ಎಳೆದುಕೊಂಡೆವು. ಅವರಿಗೆ ನಮ್ಮ ಮನೆಯವರೆಲ್ಲರೂ ಎಂದೆಂದಿಗೂ ಋಣಿಗಳು. ಹಿಂದಿನಿಂದ ಹಿಡಿಯುವುದು ಅವರಿಗೆ ಗೊತ್ತಿತ್ತು. ಮುಳುಗುತ್ತಿರುವವರು ಎದುರು ಬಂದವರನ್ನು ಬಿಗಿದಪ್ಪಿ ಮೇಲೇರಲು ನೋಡುತ್ತಾರೆ, ಅದರಿಂದ ರಕ್ಷಿಸಲು ಹೋದವರೂ ಮುಳುಗುತ್ತಾರೆ. ಹೀಗಾಗಿ ತರಬೇತಿಯಿಲ್ಲದವರು ನೀರಿಗೆ ಹಾರಬಾರದು. ಅಂಚಿನಲ್ಲಿ ಬೋರಲು ಮಲಗಿ ಉದ್ದನೆಯ ಕೋಲನ್ನೋ ಟವೆಲನ್ನೋ ಅವರ ಕೈಗೆ ತಾಗುವಷ್ಟು ಹತ್ತಿರಕ್ಕೆ ಚಾಚಬೇಕು, ಇಲ್ಲವೆ ತೇಲುವ ವಸ್ತುವನ್ನು ಅವರ ತೋಳಿನಡಿಗೆ ಬರುವಂತೆ ಎಸೆಯಬೇಕು. ನಾವು ಹೋಗಿದ್ದ ಕೊಳದಲ್ಲಿ ಜೀವರಕ್ಷಕ ಟ್ಯೂಬ್ ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲಿತ್ತು. ಕೋಲು ಇರಲೇ ಇಲ್ಲ.

ವ್ಯವಸ್ಥಾಪಕರು ಬಂದು ಮೊದಲು ತೋರಿಸಿದ್ದು, ಅತಿಥಿಗಳು ತಮ್ಮ ಸ್ವಂತ ಹೊಣೆಯ ಮೇಲೆ ಕೊಳವನ್ನು ಬಳಸತಕ್ಕದ್ದು ಎಂಬ ಫಲಕವನ್ನು. ಆಳ ಎಲ್ಲಿ ಬದಲಾಗುತ್ತದೆಂದು ತಿಳಿಸದೆ, ತಿಳಿಸುವ ಹಗ್ಗವನ್ನು ಬಿಚ್ಚಿಟ್ಟು, ಆಮೇಲೆ ಹೊಣೆ ನಿಮ್ಮದೆನ್ನುವುದು ನ್ಯಾಯವಲ್ಲ. ಇದನ್ನು ಅವರಿಗೆ ಲಿಖಿತವಾಗಿ ತಿಳಿಸಿದ್ದೇವೆ. ಆದರೆ ಆ ಫಲಕಕ್ಕೆ ಒಂದು ಅರ್ಥವಂತೂ ಇದೆ: ಅಲ್ಲಿ ನಿಮ್ಮನ್ನು ಕಾಯುವವರು ಯಾರೂ ಇಲ್ಲ. ಹಾಗೆಂದೇ ಓದಿಕೊಂಡು ನಡೆಯಿರಿ. ಬಟ್ಟೆ ಬದಲಿಸುವ ಮೊದಲೇ ಕೊಳದ ಅಂಚಿನಲ್ಲಿ ಒಂದು ಸುತ್ತು ಬನ್ನಿ. ಅಂಕಿಗಳನ್ನು ಓದಿ, ನಡುವಿನ ಇಳಿಜಾರು ಎಲ್ಲಿ ಆರಂಭವಾಗುತ್ತದೆಂದು ಸಿಬ್ಬಂದಿಯನ್ನು ಕೇಳಿ, ಆ ನೇರಕ್ಕೆ ದಡದಲ್ಲಿ ಒಂದು ಕುರ್ಚಿಯನ್ನೋ ಟವೆಲನ್ನೋ ಗುರುತಿಗೆ ಇಡಿ. ಎಲ್ಲಕ್ಕಿಂತ ಆಳವಾದ ಜಾಗದಲ್ಲಿರುವ ತೂಬಿನ ಜಾಲರಿ ದಡದಿಂದ ಸ್ಪಷ್ಟವಾಗಿ ಕಾಣದಷ್ಟು ನೀರು ಕದಡಿದ್ದರೆ ಇಳಿಯಲೇಬೇಡಿ, ಏಕೆಂದರೆ ಅಂಥ ನೀರಿನ ತಳಕ್ಕೆ ಹೋದ ಮನುಷ್ಯನೂ ಮೇಲಿನವರಿಗೆ ಕಾಣುವುದಿಲ್ಲ. ಇಳಿದ ಮೇಲೆ ಅಂಚಿಗೆ ಕೈ ಎಟಕುವಷ್ಟು ದೂರದಲ್ಲೇ, ಸೊಂಟದಾಳದಲ್ಲೇ ಇರಿ. ಈಜು ಬಲ್ಲ ಒಬ್ಬರು, ಫೋನ್ ಹಿಡಿಯದೆ, ನಿಮ್ಮನ್ನೇ ನೋಡುತ್ತಿರಲಿ. ಮಕ್ಕಳ ತೋಳಿಗೆ ಕಟ್ಟುವ ಗಾಳಿಚೀಲಗಳು ಆಟಿಕೆಗಳೇ ಹೊರತು ರಕ್ಷಣೆಯ ಸಾಧನಗಳಲ್ಲ.

ನೀರಿನಿಂದ ಹೊರಗೆ ತಂದ ಮೇಲೆಯೂ ಅಪಾಯ ಮುಗಿದಿರುವುದಿಲ್ಲ ಎಂಬುದು ನಮಗೆ ಅಂದೇ ತಿಳಿಯಿತು. ತಮ್ಮನಿಗೆ ಎಚ್ಚರವಿತ್ತು, ಮಾತನಾಡುತ್ತಿದ್ದನು. ಕೋಣೆಯಲ್ಲಿ ಮಲಗಿಸಿದರೆ ಸರಿಹೋಗುತ್ತದೆ ಎಂದು ಹೋಟೆಲಿನವರು ಹೇಳಿದರು. ಕೆಮ್ಮು ನಿಲ್ಲದ್ದನ್ನು ಕಂಡು ನಾವು ಆಸ್ಪತ್ರೆಗೆ ಕರೆದೊಯ್ದೆವು. ಶ್ವಾಸಕೋಶಕ್ಕೆ ನೀರು ಹೋಗಿದ್ದರಿಂದ ರಕ್ತದಲ್ಲಿ ಆಮ್ಲಜನಕದ ಮಟ್ಟ ಇಳಿದಿತ್ತು. ಆಮ್ಲಜನಕ ಕೊಟ್ಟು ರಾತ್ರಿಯೆಲ್ಲ ಅಲ್ಲಿಯೇ ಇರಿಸಿಕೊಂಡರು. ಇಂಥ ತೊಂದರೆ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚಾಗುತ್ತ ಹೋಗಬಹುದು. ಆದ್ದರಿಂದ ನೀರಿನಿಂದ ಎತ್ತಿದವರಿಗೆ ಬಿಡದ ಕೆಮ್ಮು, ವೇಗದ ಉಸಿರು, ಎದೆನೋವು, ವಾಂತಿ, ವಿಪರೀತ ಮಂಪರು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಉಸಿರೇ ನಿಂತಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಹಾಗೆ ಮಾಡಿದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಹೋಗುತ್ತದೆ. ಒಬ್ಬರನ್ನು ಆಂಬುಲೆನ್ಸ್ ಕರೆಯಲು ಕಳುಹಿಸಿ, ಮುಳುಗಿದವರಿಗೆ ಬೇಕಾದದ್ದು ಗಾಳಿಯಾದ್ದರಿಂದ ಮೊದಲು ಬಾಯಿಯಿಂದ ಉಸಿರು ಕೊಡಬೇಕು. ಯುರೋಪಿನ ಮಾರ್ಗಸೂಚಿಯಲ್ಲಿ ಇದು ಐದು ಸಲ. ಆಮೇಲೆ 30 ಸಲ ಎದೆ ಒತ್ತಿ ಎರಡು ಸಲ ಉಸಿರು ಕೊಡುವ ಕ್ರಮವನ್ನು, ವೈದ್ಯಕೀಯ ನೆರವು ಬರುವವರೆಗೆ ನಿಲ್ಲಿಸದೆ ಮುಂದುವರಿಸಬೇಕು.