ಆರು ವರ್ಷದ ಉಗುರು ಪುರಾಣ: ಸ್ವಂತದ್ದು, ಅಕ್ರಿಲಿಕ್, ಪಿಕ್

ನಾನು ಗಿಟಾರ್ ತಂತಿ ಮೀಟುವುದು ಬಲಗೈ ಉಗುರಿನಿಂದ. ನನ್ನದು ಸ್ಟೀಲ್ ತಂತಿಯ ಅಕೂಸ್ಟಿಕ್ ಗಿಟಾರ್, ಮನೆ ತೇವದ ಹವೆಯ ಮಂಗಳೂರಿನ ಬಿಜೈಯಲ್ಲಿ. ಉಗುರಿಗೆ ಈ ಎರಡೂ ಆಗಿಬರುವುದಿಲ್ಲ. ನೈಲಾನ್ ತಂತಿಯವರು, ಒಣ ಹವೆಯ ಊರಿನವರು ನನ್ನ ದೂರುಗಳನ್ನು ಅರ್ಧಕ್ಕೆ ಇಳಿಸಿ ಓದಿದರೂ ಆಗುತ್ತದೆ.

ಮೊದಲ ಎರಡು ವರ್ಷ ಸ್ವಂತ ಉಗುರೇ. ಬಲಗೈಯಲ್ಲಿ ಕಿರುಬೆರಳು ಬಿಟ್ಟು ಉಳಿದ ನಾಲ್ಕಕ್ಕೂ ಉದ್ದ ಬಿಟ್ಟಿದ್ದೆ. "ಎಂತದಾ ಅದು, ಬಣ್ಣದ ವೇಷ ಕಟ್ಲಿಕ್ಕುಂಟಾ ನಿಂಗೆ?" ಅಂತ ಅಮ್ಮ ದಿನಾ ಕೇಳುತ್ತಿದ್ದರು. ನಾದಕ್ಕೆ ಮಾತ್ರ ಹೆಸರಿಡುವ ಹಾಗಿಲ್ಲ. ಆದರೆ ಸುತ್ತು ತಂತಿ (ಮೇಲೆ ಸಣ್ಣ ತಂತಿ ಸುತ್ತಿದ ದಪ್ಪ ತಂತಿ) ಅಂದರೆ ಸಣ್ಣ ಅರ ಇದ್ದಂತೆ, ಉಗುರನ್ನು ತಿಂದುಹಾಕುತ್ತದೆ. ಒಂದು ಭಾನುವಾರ ಹಲಸಿನ ಸೊಳೆ ಬಿಡಿಸುವಾಗ ತೋರುಬೆರಳಿನದು ಮಾಂಸದವರೆಗೆ ಸೀಳಿತು. ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿ.ಮೀ. ಒಂದೂವರೆ ತಿಂಗಳು ತೋರುಬೆರಳಿಗೆ ರಜೆ.

ಆಮೇಲೆ ಪಾರ್ಲರಿನ ಅಕ್ರಿಲಿಕ್, ಅಂದರೆ ಉಗುರಿನ ಮೇಲೆ ಕೂರಿಸುವ ಗಟ್ಟಿ ಪ್ಲಾಸ್ಟಿಕ್ ಪದರ. ಹೆಂಗಸರ ಸಾಲಿನಲ್ಲಿ ಕೂತು "ಬರೇ ಬಲಗೈ, ಬಣ್ಣ ಬೇಡ" ಅನ್ನುವ ಮುಜುಗರ ಎರಡನೇ ಸಲಕ್ಕೇ ಹೋಯಿತು. ಗಟ್ಟಿತನಕ್ಕೆ ಪೂರ್ತಿ ಅಂಕ: ಎಷ್ಟು ಮೀಟಿದರೂ ಸವೆಯುವುದಿಲ್ಲ, ಹಿಂದಿನ ಸಾಲಿನವರಿಗೂ ಕೇಳುತ್ತದೆ. ಕಷ್ಟ ಬೇರೆ ಕಡೆ ಉಂಟು. ಅದು ಹಿಡಿಯಬೇಕಾದರೆ ನಮ್ಮ ಉಗುರಿನ ಮೈಯನ್ನು ಉಜ್ಜಿ ತರಿ ಮಾಡುತ್ತಾರೆ. ಎರಡು ಮೂರು ವಾರಕ್ಕೊಮ್ಮೆ ಬುಡದಲ್ಲಿ ಬೆಳೆದ ಜಾಗ ತುಂಬಿಸಲು ಮತ್ತೆ ಹೋಗಬೇಕು.

ಜುಲೈಯಲ್ಲಿ ಉಂಗುರ ಬೆರಳಿನದು ಒಂದು ಬದಿ ಎದ್ದಿತ್ತು. ಗಮನಿಸಲಿಲ್ಲ. ಕೆಲವು ದಿನ ಕಳೆದು ನೋಡಿದರೆ ಒಳಗೆ ಪಾಚಿ ಬಣ್ಣದ ಕಲೆ. ಸಂದಿನಲ್ಲಿ ನೀರು ನಿಂತು ಬ್ಯಾಕ್ಟೀರಿಯಾ ಬೆಳೆದದ್ದು. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಆ ಸಂದು ಎಲ್ಲಿ ಒಣಗುತ್ತದೆ ಮಾರಾಯ್ರೆ! ಪಾರ್ಲರಿನಲ್ಲಿ ಮೇಲಿಂದ ಇನ್ನೊಂದು ಪದರ ಹಾಕಿ ಮುಚ್ಚುವ ಅಂದರು. ನಾನು ಎದ್ದು ಚರ್ಮದ ಡಾಕ್ಟರ ಹತ್ತಿರ ಹೋದೆ. ಅಕ್ರಿಲಿಕ್ ತೆಗೆಸಿ, ಬೆರಳು ಒಣಗಿಸಿಟ್ಟುಕೊಳ್ಳಲು ಹೇಳಿದರು. ಅಸಿಟೋನಿನಲ್ಲಿ ನೆನೆಸಿ ತೆಗೆದ ಮೇಲೆ ಉಳಿದ ಉಗುರು ಈರುಳ್ಳಿ ಸಿಪ್ಪೆಯಷ್ಟು ತೆಳು.

ಬೆರಳ ತುದಿಗೆ ತೊಟ್ಟು ಮೀಟುವ ಲೋಹದ ಫಿಂಗರ್ ಪಿಕ್ ತಂದದ್ದು ಆಗಲೇ. ಸ್ಟೀಲಿಗೆ ಸ್ಟೀಲ್ ತಾಗಿ ಕಿಣಿಕಿಣಿ, ತಂತಿ ಎಲ್ಲಿದೆಯೆಂದು ಬೆರಳಿಗೆ ಗೊತ್ತೇ ಆಗುವುದಿಲ್ಲ. ಎರಡು ವಾರಕ್ಕೆ ಡ್ರಾಯರ್ ಸೇರಿತು. ಹೆಬ್ಬೆರಳಿನ ಪ್ಲಾಸ್ಟಿಕ್ ಪಿಕ್ ಮಾತ್ರ ಉಳಿಸಿಕೊಂಡಿದ್ದೇನೆ, ಬೇಸ್ ತಂತಿಗೆ ಅದೇ ಸರಿ.

ಕಳೆದ ಎರಡು ವರ್ಷದಿಂದ ಮತ್ತೆ ಸ್ವಂತ ಉಗುರು, ಈ ಸಲ ಗಿಡ್ಡ. ಅಂಗೈ ನನ್ನ ಕಡೆ ತಿರುಗಿಸಿದರೆ ಬೆರಳ ತುದಿಯ ಮೇಲೆ ಒಂದು ಬಿಳಿ ಗೆರೆ ಕಾಣಬೇಕು, ಅಷ್ಟೇ. ತಂತಿಗೆ ಮೊದಲು ಮಾಂಸ ತಾಗಿ ಹಿಂದೆಯೇ ಉಗುರು ಜಾರುತ್ತದೆ. ಸದ್ದು ಕಡಿಮೆ, ತುಂಬು ಹೆಚ್ಚು. 19ನೇ ಶತಮಾನದಲ್ಲಿ ಸ್ಪೇನಿನ ಗಿಟಾರ್ ವಾದಕ ಫರ್ನಾಂಡೊ ಸೋರ್ ಉಗುರಿಲ್ಲದೆ ನುಡಿಸುತ್ತಿದ್ದ, ಅವನ ಗೆಳೆಯ ದಿಯೋನಿಸಿಯೊ ಅಗ್ವಾದೊ ಉಗುರಿನಿಂದ. ಪ್ಯಾರಿಸ್‌ನಲ್ಲಿ ಇಬ್ಬರೂ ಜೊತೆಗೆ ಕೂತು ನುಡಿಸಿದವರೇ. ನನ್ನದು ಅವರಿಬ್ಬರ ನಡುವಿನ ಜಾಗ.

ಅಂಚು ನಯ ಮಾಡಲು ಪಾರ್ಲರಿನ ಫೈಲ್ ಸಾಲದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್ (ನಯ ಉಪ್ಪುಕಾಗದ) ತನ್ನಿ, ಮೊದಲು 400, ಕೊನೆಗೆ 2000 ನಂಬರಿನದು. ಪೇಪರನ್ನು ತಂತಿಯ ಮೇಲೆ ಹಾಸಿ ಅದರ ಮೇಲೆಯೇ ನಾಲ್ಕು ಸಲ ಮೀಟಿ. ಉಗುರು ನಿಮ್ಮ ಕೈಯ ಓರೆಗೆ ತಾನೇ ಸವೆದುಕೊಳ್ಳುತ್ತದೆ.

ಕಾರ್ಯಕ್ರಮದ ಹಿಂದಿನ ದಿನ ಮುರಿದರೆ ಪಿಂಗ್‌ಪಾಂಗ್ ಚೆಂಡಿನ ಚೂರು ಕತ್ತರಿಸಿ ಉಗುರಿನ ಅಡಿಗೆ ಸೂಪರ್ ಗ್ಲೂನಿಂದ ಅಂಟಿಸುತ್ತೇನೆ. ಒಂದು ಸಂಜೆಗೆ ಧಾರಾಳ. ಅಂಟಿಗೆ ಹತ್ತಿ ಮಾತ್ರ ಇಡಬೇಡಿ, ಸುಡುತ್ತದೆ. ನನ್ನ ನಡುಬೆರಳಲ್ಲಿ ಅದರ ಗುರುತು ಈಗಲೂ ಉಂಟು.